ಆಗುಂಬೆ ದಾರಿಯಲ್ಲಿ ಸೂರು ನೋಡುತ್ತಾ

ಮೇ ತಿಂಗಳ ಕೊನೆಯಲ್ಲಿ ತೀರ್ಥಹಳ್ಳಿ ಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಹಾದುಹೋದರೆ ಸಾಕು, ಮಳೆಗಾಲ ಎಷ್ಟು ಹತ್ತಿರ ಬಂತು ಎಂಬುದು ಪಂಚಾಂಗ ತೆರೆಯದೆಯೇ ಗೊತ್ತಾಗುತ್ತದೆ. ನೀಲಿ ಟಾರ್ಪಾಲು ಹೊರಗೆ ಬಂದಿರುತ್ತದೆ. ಮೈಲುತುತ್ತದ ಚೀಲ, ಸುಣ್ಣದ ಮೂಟೆ, ಗಮ್‌ಬೂಟು, ಕೊಡೆ ಎಲ್ಲ ಮೆಟ್ಟಿಲವರೆಗೆ ಇಳಿದಿರುತ್ತವೆ. ಅವುಗಳ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಉದ್ದುದ್ದದ ಪಿವಿಸಿ ದೋಣಿಗಳು. ಸೂರಿನ ನೀರು ಹಿಡಿಯುವ ದೋಣಿ. ಬಿಲ್ಲಿನಲ್ಲಿ ಮಾತ್ರ ‘ರೇನ್ ಗಟರ್’. ಈಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಇನ್ನೊಂದು ಸಾಮಾನು ಸೇರಿಕೊಂಡಿದೆ: ದೋಣಿಯ ಬಾಯಿಗೆ ಮುಚ್ಚುವ ಬಲೆ. ಕಸ ಒಳಗೆ ಹೋಗಬಾರದು, ನೀರು ಮಾತ್ರ ಹೋಗಬೇಕು. ಅದರ ಕೆಲಸ ಇಷ್ಟೇ. ಹೇಳುವುದಕ್ಕೆ ಸುಲಭ.

ನಾನು ಹೊಕ್ಕ ಅಂಗಡಿಯಲ್ಲಿ ಅಂಥ ಬಲೆ ನಾಲ್ಕು ತರಹದ್ದಿತ್ತು. ಕೋಳಿಗೂಡಿಗೆ ಹೊಡೆಯುವ ತಂತಿ ಬಲೆ, ದೋಣಿಯ ತುಟಿಗೆ ಒತ್ತಿ ಕೂರಿಸುವ ಸೀಳು ಸೀಳಿನ ಪ್ಲಾಸ್ಟಿಕ್ ಮುಚ್ಚಳ, ತೂತು ಹೊಡೆದ ಅಲ್ಯೂಮಿನಿಯಂ ಪಟ್ಟಿ, ಸೊಳ್ಳೆ ಪರದೆಗಿಂತಲೂ ಸಣ್ಣ ಕಣ್ಣಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ಕೊನೆಯದಕ್ಕೆ ಬೆಲೆಯೂ ಜಾಸ್ತಿ, ಹೊಗಳಿಕೆಯೂ ಜಾಸ್ತಿ. “ಇದು ಹಾಕ್ಸಿಬಿಟ್ರೆ ಮತ್ತೆ ದೋಣಿ ಕಡೆ ತಲೆ ಎತ್ತಿ ನೋಡೋದೇ ಬೇಡ ಮಾರಾಯ್ರೆ,” ಎಂದರು ಅಂಗಡಿಯವರು. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: “ಎಷ್ಟು ಅಡಿ ಬೇಕು?”

ಮನೆಯ ಮೇಲೆ ಯಾವ ಮರ ಬಾಗಿದೆ ಎಂದು ಕೇಳಲಿಲ್ಲ. ಮಾಡು ಹಂಚಿನದೋ ಶೀಟಿನದೋ ಎಂದೂ ಕೇಳಲಿಲ್ಲ. ಈ ಎರಡನ್ನು ಬಿಟ್ಟು ಬಲೆ ಆರಿಸಿದರೆ ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಣ್ಣಾರೆ ನೋಡಬೇಕೆಂದರೆ ಆಗುಂಬೆಯ ದಾರಿಗಿಂತ ಒಳ್ಳೆಯ ಜಾಗ ಸಿಗಲಾರದು.

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರು. ತುಂಗೆಯ ದಡ ಬಿಟ್ಟು ಮೇಗರವಳ್ಳಿ, ಗುಡ್ಡೇಕೇರಿ ದಾಟಿ ರಸ್ತೆ ಘಟ್ಟದ ಅಂಚಿಗೆ ಬರುತ್ತದೆ. ಅಂಚು ಹತ್ತಿರವಾದಂತೆ ಮಳೆಯೂ ಏರುತ್ತದೆ. ಆಗುಂಬೆಯ ವರ್ಷದ ಸರಾಸರಿ 7,000 ಮಿ.ಮೀ. ದಾಟುತ್ತದೆ, ಬೆಂಗಳೂರಿನದು 1,000 ಮಿ.ಮೀ. ಆಸುಪಾಸು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ. ಬೆಂಗಳೂರಿನ ನಾಲ್ಕು ವರ್ಷದ ಮಳೆಗಿಂತ ಹೆಚ್ಚು, ಮೂವತ್ತೊಂದು ದಿನದಲ್ಲಿ.

ಇದನ್ನು ಮಾಡಿನ ಲೆಕ್ಕಕ್ಕೆ ತಂದು ನೋಡಬೇಕು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡು 100 ಚದರ ಮೀಟರ್, ಅಂದರೆ ಸಾವಿರ ಚದರ ಅಡಿಗೆ ಸ್ವಲ್ಪ ಮೇಲೆ ಇದೆ ಎಂದುಕೊಳ್ಳಿ. ಗಂಟೆಗೆ 100 ಮಿ.ಮೀ. ಲೆಕ್ಕದ ಜಡಿಮಳೆ ಹತ್ತೇ ನಿಮಿಷ ಹೊಡೆದರೂ ಆ ಹತ್ತು ನಿಮಿಷದಲ್ಲಿ ನಿಮಿಷ ನಿಮಿಷಕ್ಕೂ 165 ಲೀಟರಿಗೆ ಮೇಲೆ, ಹತ್ತು ಹನ್ನೊಂದು ಕೊಡ ನೀರು ಸೂರಿನ ಅಂಚಿಗೆ ಬರುತ್ತದೆ. ಅಷ್ಟೂ ನೀರು ಬಲೆಯ ಕಣ್ಣಿನಲ್ಲಿ ಇಳಿದು, ದೋಣಿಯಲ್ಲಿ ಹರಿದು, ಪೈಪಿನಲ್ಲಿ ಕೆಳಗೆ ಹೋಗಬೇಕು. ಎಲ್ಲಿ ಸಿಕ್ಕಿಕೊಂಡರೂ ಮಿಕ್ಕ ನೀರು ಒಂದೋ ಮುಂದಕ್ಕೆ ಹಾರಿ ಅಂಗಳಕ್ಕೆ ಬೀಳುತ್ತದೆ, ಇಲ್ಲವೇ ಹಿಂದಕ್ಕೆ ಹೊರಳಿ ರೀಪು, ಪಕಾಸು ಹಿಡಿದು ಗೋಡೆಗೆ ಇಳಿಯುತ್ತದೆ. ಮುಂದಕ್ಕೆ ಹಾರಿದರೆ ಅಂಗಳ ಕೊಚ್ಚೆ, ಅಷ್ಟೇ. ಹಿಂದಕ್ಕೆ ಹೊರಳಿದರೆ ಮನೆಯೇ ಹಾಳು. ಬಲೆಯ ಬಗ್ಗೆ ಏನೇ ತೀರ್ಮಾನ ಮಾಡುವಾಗಲೂ ಈ ಮಾತು ತಲೆಯಲ್ಲಿರಬೇಕು.

ಮೇಗರವಳ್ಳಿಯ ಆಚೆ, ರಸ್ತೆಯಿಂದ ತುಸು ಒಳಗೆ, ಒಂದು ಹಳೆಯ ಚೌಕಿ ಮನೆ. ಹೆಂಚಲ್ಲ, ಇಲ್ಲಿಯವರ ಬಾಯಲ್ಲಿ ಹಂಚು. ಕೆಂಪು ಬಣ್ಣ ಹೋಗಿ ಕಪ್ಪು ಹಿಡಿದ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಘಟ್ಟ ಹತ್ತಿ ಬಂದ ಮಾಲು ಇದು. ಅದಕ್ಕೂ ಮುಂಚೆ ಸೋಗೆಯ ಮಾಡು, ನಾಡಹಂಚಿನ ಮಾಡು. ಆಗ ದೋಣಿಯ ಪ್ರಶ್ನೆ ಇರಲಿಲ್ಲ. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತಿತ್ತು, ನೀರು ತಾನಾಗಿ ದೂರ ಬೀಳುತ್ತಿತ್ತು.

ಈ ಮನೆಯ ಒಳ ಅಂಗಳಕ್ಕೆ ಈಗಲೂ ದೋಣಿಯಿಲ್ಲ. ನಾಲ್ಕೂ ಕಡೆಯ ಸೂರಿನ ನೀರು ನೇರ ಅಂಗಳದ ಚಪ್ಪಡಿಗೆ ಬಿದ್ದು, ಮೂಲೆಯ ಕಂಡಿಯಲ್ಲಿ ಹೊರಗೆ ಹೋಗುತ್ತದೆ. ನೀರು ಬೀಳುವ ಗೆರೆಯಲ್ಲಿ ಕಲ್ಲು ಸಣ್ಣಗೆ ಸವೆದಿದೆ. ಯಾವ ಬಲೆಯೂ ಬೇಡ, ಏಣಿಯೂ ಬೇಡ. ಕಂಡಿಯ ಬಾಯಿಗೆ ಬಂದ ಎಲೆಯನ್ನು ನಿಂತಲ್ಲೇ ಹೆಕ್ಕಿ ಬಿಸಾಡಿದರಾಯಿತು. ದೋಣಿ ಹಾಕಿಸುವ ಮೊದಲು ಈ ಕಡೆ ದೋಣಿ ಬೇಕೇ ಎಂದು ಕೇಳಿಕೊಳ್ಳುವವರು ಈಗ ಕಡಿಮೆ. ಗಟ್ಟಿ ನೆಲವಿದ್ದು, ಸೂರು ಎರಡು ಎರಡೂವರೆ ಅಡಿ ಮುಂದೆ ಬಂದಿದ್ದು, ಯಾರೂ ಓಡಾಡದ ಕಡೆಯಾದರೆ ದೋಣಿಯೇ ಬೇಡ ಎನ್ನುತ್ತೇನೆ. ಬೇಕಾಗುವುದು ಬಾಗಿಲ ಎದುರು, ಮಣ್ಣಿನ ಗೋಡೆಯ ಕಡೆ, ಕೊಟ್ಟಿಗೆಗೆ ಹೋಗುವ ದಾರಿ, ಮತ್ತು ನೀರನ್ನು ತೊಟ್ಟಿಗೋ ಬಾವಿಗೋ ಹಿಡಿಯುವಲ್ಲಿ. ಅರ್ಧ ಮನೆಗೆ ದೋಣಿ ಉಳಿಸಿದರೆ ಅರ್ಧ ಮನೆಯ ಬಲೆಯೂ ಉಳಿಯಿತು.

ಈ ಮನೆಯ ಮುಂಭಾಗಕ್ಕೆ ಜಿಐ ತಗಡಿನ ದೋಣಿಯಿದೆ. ನಾನು ಹೋದ ಹೊತ್ತಿಗೆ ಕೆಲಸದ ಹುಡುಗ ಏಣಿ ಹತ್ತಿ ಅದನ್ನು ಕರಟದಿಂದ ಕೆರೆದು, ಕಸವನ್ನು ಅಡಿಕೆ ಹಾಳೆಗೆ ತುಂಬಿ ಕೆಳಗಿಳಿಸುತ್ತಿದ್ದ. ಹಾಳೆಯನ್ನು ಜಗುಲಿಯ ಮೇಲೆ ಇಳಿಸಿ ಒಂದೊಂದಾಗಿ ಬಿಡಿಸಿ ನೋಡಿದೆವು. ಮೇಲಿನ ಪದರದಲ್ಲಿ ಸಿಲ್ವರ್ ಮರದ ಎಲೆ, ಒಣಗಿ ಸುರುಟಿಕೊಂಡದ್ದು. ಅದರ ಕೆಳಗೆ ಹಲಸಿನ ಎಲೆ ಎರಡು ಮೂರು, ಇನ್ನೂ ಗಟ್ಟಿಯಾಗಿದ್ದವು. ಅದಕ್ಕೂ ಕೆಳಗೆ ಎಲೆಯೆಂದು ಗುರುತಿಸಲಾಗದ ಕಪ್ಪು ಹುಡಿ. ಹುಡಿಯನ್ನು ಬೆರಳಲ್ಲಿ ತಿಕ್ಕಿದರೆ ಮರಳು ಮರಳು. ಹಂಚು ಸವೆದು ಉದುರಿದ ಕೆಂಪು ಪುಡಿ ಅದರಲ್ಲಿ ಬೆರೆತಿತ್ತು. ಜೊತೆಗೆ ಹಂಚಿನ ಮೇಲಿಂದ ಕಿತ್ತು ಬಂದ ಒಣ ಪಾಚಿಯ ಚಕ್ಕೆಗಳು, ಅಡಿಕೆಯ ಹಿಂಗಾರದಿಂದ ಉದುರಿದ ಸಣ್ಣ ಸಣ್ಣ ಗಂಡು ಹೂವು ಹಿಡಿಗಟ್ಟಲೆ, ಗುಬ್ಬಿಯದೋ ಪಿಕಳಾರದ್ದೋ ಹಳೆಯ ಗೂಡಿನ ನಾರು, ಎರೆಹುಳ. ಮೂಲೆಯಲ್ಲಿ ಬಸರಿಯ ಸಸಿಯೊಂದು ನಾಲ್ಕು ಎಲೆ ಬಿಟ್ಟು ನಿಂತಿತ್ತು. ಅದರ ಬೇರು ದೋಣಿಯ ಜೋಡಣೆಯ ಸಂದಿಯಲ್ಲಿ ಇಳಿದು ತಗಡನ್ನು ಎಬ್ಬಿಸಿತ್ತು.

ಈ ಹಾಳೆಯ ಕಸ ನೋಡಿದರೆ ಬಲೆಯ ಪಾಠ ಅರ್ಧ ಮುಗಿದಂತೆ. ಹಲಸಿನ ಎಲೆಯನ್ನು ಯಾವ ಬಲೆಯಾದರೂ ತಡೆಯುತ್ತದೆ. ಹಂಚಿನ ಪುಡಿ, ಪಾಚಿ, ಹಿಂಗಾರದ ಹೂವು ಹಾಗಲ್ಲ. ದೊಡ್ಡ ಕಣ್ಣಿನ ಬಲೆಯಾದರೆ ಅವು ಕೆಳಗಿಳಿದು ದೋಣಿ ಸೇರುತ್ತವೆ, ನೀರಿನ ರಭಸ ಚೆನ್ನಾಗಿದ್ದರೆ ಹರಿದೂ ಹೋಗುತ್ತವೆ. ಸಣ್ಣ ಕಣ್ಣಿನ ಜಾಲರಿಯಾದರೆ ಮೇಲೆಯೇ ಕೂತು ಕೆಸರಾಗಿ ಕಣ್ಣು ಮುಚ್ಚುತ್ತವೆ. ದೋಣಿಯೊಳಗಿನ ಕಸ ದೋಣಿಯ ಮೇಲಿನ ಕಸವಾಯಿತೇ ಹೊರತು ತೊಂದರೆ ತಪ್ಪಲಿಲ್ಲ.

ಮನೆಯ ಗೌಡರಿಗೆ ಇದು ಗೊತ್ತಿತ್ತು. “ಬಲೆ ಹಾಕ್ಸಿ ಅಂತ ಬೆಂಗಳೂರಲ್ಲಿರೋ ಮಗ ಹೇಳ್ತಾನೆ. ಬಲೆ ಮೇಲೆ ಕೂತ ಎಲೆ ಯಾರು ತೆಗೀತಾರೆ? ಅದಕ್ಕೂ ಏಣಿ ಹತ್ತೋದೇ ಅಲ್ವಾ?” ಅಂದರು. ಮತ್ತೆ ತಾವೇ, “ಹತ್ತೋರು ಈಗ ಸಿಗೋದಿಲ್ಲ, ಅದು ಬೇರೆ ಮಾತು,” ಎಂದು ಸೇರಿಸಿದರು. ಅದು ಬೇರೆ ಮಾತಲ್ಲ, ಅದೇ ಮಾತು. ಮಲೆನಾಡಿನಲ್ಲಿ ಬಲೆಯ ವ್ಯಾಪಾರ ಏರಿದ್ದು ಎಲೆ ಹೆಚ್ಚಾದ್ದಕ್ಕಲ್ಲ, ಏಣಿ ಹತ್ತುವ ಮಕ್ಕಳು ಊರು ಬಿಟ್ಟಿದ್ದಕ್ಕೆ.

ಅಲ್ಲಿಂದ ಮುಂದೆ ಕಾಡಿನ ಅಂಚಿನಲ್ಲಿ ಒಂದು ಹೋಂಸ್ಟೇ. ಯಜಮಾನರು ಬೆಂಗಳೂರಿನವರು. ಅಲ್ಲಿಯ ಸ್ವಂತ ಮನೆಗೆ ಸ್ಟೇನ್‌ಲೆಸ್ ಜಾಲರಿ ಹಾಕಿಸಿ, ಚೆನ್ನಾಗಿದೆ ಎಂದು ಕಂಡುಕೊಂಡು, ಅದನ್ನೇ ಇಲ್ಲಿಗೂ ತಂದಿದ್ದಾರೆ. ಕೆಲಸ ಅಚ್ಚುಕಟ್ಟು, ಜಾಲರಿಯ ಕಣ್ಣು ಒಂದು ಮಿ.ಮೀ.ಗಿಂತಲೂ ಕಡಿಮೆ. ಬೆಂಗಳೂರಿನ ಮಳೆಗೆ, ಅಲ್ಲಿಯ ಒಣ ಎಲೆಗೆ ಅದು ಸರಿಯಾದದ್ದೇ. ಇಲ್ಲಿ ಮೊದಲ ಆರಿದ್ರಾ ಮಳೆಗೇ ಅಡುಗೆಮನೆಯ ಮೇಲಿನ ನೀರು ಜಾಲರಿಯ ಮೇಲೆ ಜಾರಿ ದಾರಂದದ ಎದುರಿಗೆ ಸುರಿಯತೊಡಗಿತಂತೆ.

ಕಾರಣ ಬಹಳ ಸರಳ. ಕಣ್ಣು ಅಷ್ಟು ಸಣ್ಣದಾದಾಗ ನೀರು ತನ್ನ ಬಿಗಿತದಿಂದಲೇ ಅದರ ಮೇಲೆ ಪೊರೆ ಕಟ್ಟಿ ನಿಲ್ಲುತ್ತದೆ. ಜಾಲರಿ ಚೊಕ್ಕಟವಾಗಿದ್ದಾಗ ಹಿಂದಿನಿಂದ ಬರುವ ನೀರು ಅದನ್ನು ಕೆಳಕ್ಕೆ ದೂಡುತ್ತದೆ. ಧೂಳು, ಹೂವಿನ ಹುಡಿ, ಒಲೆಯ ಹೊಗೆಯ ಜಿಡ್ಡು ಹತ್ತಿದ ಮೇಲೆ ದೂಡುವುದಿಲ್ಲ. ಜಾಲರಿಯೇ ಮಾಡಿನ ಇನ್ನೊಂದು ಸಾಲು ಹಂಚಾಗಿ, ನೀರು ಅದರ ಮೇಲೆ ಹಾದು ಮುಂದಕ್ಕೆ ಹೋಗುತ್ತದೆ. ಸಾಧಾರಣ ಮಳೆಯಲ್ಲಿ ಸ್ವಲ್ಪ ಹೋಗುತ್ತದೆ, ಆಗುಂಬೆಯ ಮಳೆಯಲ್ಲಿ ಬಹುಪಾಲು ಹೋಗುತ್ತದೆ.

ಇನ್ನೊಂದು ವಿಷಯ ಜಾಹೀರಾತುಗಳಲ್ಲಿ ಬರುವುದಿಲ್ಲ. ಬಲೆಯ ಮೇಲೆ ಬಿದ್ದ ಎಲೆ ಒಣಗಿ, ಗಾಳಿಗೆ ತಾನೇ ಹಾರಿಹೋಗುತ್ತದೆ ಎಂಬ ಭರವಸೆಯ ಮೇಲೆ ಈ ಪದಾರ್ಥಗಳೆಲ್ಲ ನಿಂತಿವೆ. ಅಮೆರಿಕದಂಥ ಕಡೆ ಎಲೆ ಉದುರುವುದು ಮಾಗಿಯ ಹೊತ್ತಿಗೆ, ಒಣ ಗಾಳಿಯಲ್ಲಿ. ಅಲ್ಲಿ ಆ ಮಾತು ಸಲ್ಲುತ್ತದೆ. ಇಲ್ಲಿ ಬೇಸಿಗೆಯ ಒಣ ಎಲೆ ಒಂದು ಸರದಿ. ಜೂನ್ ಕಳೆದ ಮೇಲೆ ಗಾಳಿಮಳೆಗೆ ಹಸಿ ಎಲೆ, ಪುಳ್ಳೆ, ಪಾಚಿ ಹಿಡಿದ ರೆಂಬೆ ಬೀಳುವುದು ಇನ್ನೊಂದು ಸರದಿ. ಈ ಎರಡನೆಯದು ಮೂರು ತಿಂಗಳು ಒಣಗುವುದೇ ಇಲ್ಲ. ಒದ್ದೆ ಎಲೆ ಜಾಲರಿಗೆ ಅಂಟಿಸಿದ ಬೇಗಡೆಯಂತೆ ಕೂರುತ್ತದೆ. ಎಂಥ ಗಾಳಿಗೂ ಅಲ್ಲಾಡುವುದಿಲ್ಲ.

ಆನ್‌ಲೈನಿನಲ್ಲಿ ಇನ್ನೂ ಎರಡು ಮೂರು ಬಗೆ ಸಿಗುತ್ತವೆ. ದೋಣಿಯೊಳಗೆ ತುರುಕುವ ಸ್ಪಂಜಿನ ಪಟ್ಟಿ: ನಮ್ಮ ಕಡೆ ಅದರ ಹೆಸರೆತ್ತಬಾರದು, ಒಂದೇ ಮಳೆಗಾಲದಲ್ಲಿ ಅದರ ಮೇಲೆ ಜರಿಗಿಡದ ತೋಟವಾಗುತ್ತದೆ. ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ್ದು: ಹಿಂಗಾರದ ಹೂವೆಲ್ಲ ಅದರ ಕೂದಲಿಗೆ ಸಿಕ್ಕಿಕೊಳ್ಳುತ್ತದೆ, ಆದರೆ ಎಳೆದು ತೆಗೆದು ಜಾಡಿಸಬಹುದು ಎಂಬುದೊಂದು ಗುಣ. ಮೂರನೆಯದು ಬಾಗಿದ ಮೂತಿಯ ತಗಡು. ನೀರು ಬಾಗಿಗೆ ಅಂಟಿಕೊಂಡೇ ಹೊರಳಿ ಸೀಳಿನೊಳಗೆ ಹೋಗುತ್ತದೆ, ಎಲೆ ಮುಂದಕ್ಕೆ ಜಾರಿ ಬೀಳುತ್ತದೆ ಎಂಬ ಉಪಾಯ. ಉಪಾಯ ಚಂದವೇ. ಆದರೆ ಜಡಿಮಳೆಯ ವೇಗಕ್ಕೆ ನೀರು ಬಾಗನ್ನು ಬಿಟ್ಟು ನೇರ ಹಾರಿಬಿಡುತ್ತದೆ. ಈ ದಾರಿಯ ಮನೆಗಳಲ್ಲಿ ಅದು ನನಗೆ ಕಾಣಲೂ ಇಲ್ಲ.

ಗುಡ್ಡೇಕೇರಿಯ ಕಡೆ ಹೊಸ ಮನೆಗಳು ಹೆಚ್ಚು. ತಾರಸಿ ಹಾಕಿ, ಅದರ ಮೇಲೆ ಬಣ್ಣದ ಶೀಟಿನ ಮಾಡು ಎಬ್ಬಿಸುವುದು ಈಗಿನ ಪದ್ಧತಿ. ಹಂಚು ನೀರನ್ನು ಸ್ವಲ್ಪ ತಡೆದು, ಸ್ವಲ್ಪ ಕುಡಿದು ಬಿಡುತ್ತದೆ. ಶೀಟು ಬಿಡುವುದು ಬಿದ್ದಕೂಡಲೇ. ಅದೂ ಸೂರಿನ ಉದ್ದಕ್ಕೆ ಸಮವಾಗಿ ಅಲ್ಲ. ಶೀಟಿನ ಪ್ರತಿ ತಗ್ಗಿನಿಂದಲೂ ಒಂದೊಂದು ಧಾರೆ ಚಿಮ್ಮುತ್ತದೆ. ಧಾರೆ ಬಲೆಯ ಒಂದೇ ಜಾಗಕ್ಕೆ ಹೊಡೆಯುತ್ತದೆ. ಪ್ಲಾಸ್ಟಿಕ್ ಮುಚ್ಚಳದ ಸೀಳು ಆ ಜಾಗದಲ್ಲಿ ಸಾಲದೆ ನೀರು ಪುಟಿದು ಹೊರಗೆ ಹೋಗುತ್ತದೆ, ಪಕ್ಕದ ಸೀಳುಗಳು ಬರಿದೇ ಇರುತ್ತವೆ. ಶೀಟಿನ ಮಾಡಿಗೆ ಮುಚ್ಚಳದಂಥ ಬಲೆಗಿಂತ ಅರ್ಧ ಇಂಚಿನ ಚೌಕಳಿ ಕಣ್ಣಿನ ವೆಲ್ಡ್ ಮೆಶ್ ವಾಸಿ. ದೋಣಿಯೂ ಅಗಲವಿರಬೇಕು, ಆರು ಇಂಚಿಗೆ ಕಡಿಮೆಯಿರಬಾರದು.

ಅಲ್ಲಿಯ ಒಂದು ಹಂಚಿನ ಮನೆಯಲ್ಲಿ ದೋಣಿ ಅಳವಡಿಸುತ್ತಿದ್ದ ಮೇಸ್ತ್ರಿಯೊಬ್ಬರು ಸಿಕ್ಕಿದರು. ಕೈ ಕೆಲಸ ಮಾಡುತ್ತಿದ್ದಂತೆ ಮಾತೂ ಬರುತ್ತಿತ್ತು. ಹತ್ತು ಅಡಿಗೆ ಅರ್ಧ ಇಂಚು ವಾಟ ಕೊಡಬೇಕು, ಕಣ್ಣಳತೆ ನಂಬಬಾರದು, ದಾರ ಹಿಡಿಯಬೇಕು. ಬ್ರಾಕೆಟ್ಟನ್ನು ಎರಡು ಅಡಿಗೊಂದು ಹೊಡೆಯಬೇಕು. ಮೂರಕ್ಕೆ ಹೊಡೆದರೆ ನೀರು ತುಂಬಿದ ಭಾರಕ್ಕೆ ನಡುವೆ ಜೋತು ಬೀಳುತ್ತದೆ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ಮೂರು ಮೀಟರ್ ಉದ್ದಕ್ಕೆ ಐದಾರು ಮಿ.ಮೀ. ಹಿಡಿಯಿರಿ, ಜೋಡಣೆಯಲ್ಲಿ ಅಷ್ಟು ಸಂದು ಬಿಡದೆ ಅಂಟು ಹಾಕಿದರೆ ಮುಂದಿನ ಬೇಸಿಗೆಗೆ ಬಿರಿಯುತ್ತದೆ. ಬಲೆಯ ಬಗ್ಗೆ ಅವರು ಹೇಳಿದ್ದು ಮನೆಯಾಕೆಗೆ: “ಅಮ್ಮ, ಬಲೆಯ ಒಳತುದಿಯನ್ನ ಹಂಚಿನ ಅಡಿಗೆ ಮಾತ್ರ ತುರುಕಿಸ್ಬೇಡಿ. ನೋಡೋಕೆ ನೀಟಾಗಿ ಕಾಣ್ತದೆ. ಕೊನೇ ಸಾಲು ಹಂಚು ಎದ್ದು ಕೂತ್ಕೊಳ್ತದೆ, ಇರಚಲು ಎಲ್ಲ ಒಳಗೆ.” ಬಲೆ ಕೂರಬೇಕಾದದ್ದು ದೋಣಿಯ ಎರಡು ತುಟಿಗಳ ಮೇಲೆ. ಹಂಚಿನ ಮೂತಿ ಬಲೆಗಿಂತ ಮೇಲೆ ಇದ್ದು, ದೋಣಿಯ ಅಗಲದ ಮೂರನೇ ಒಂದು ಪಾಲಿನಷ್ಟು ಒಳಗೆ ಬಂದಿರಬೇಕು.

ಮಂಗಗಳ ಮಾತೂ ಅವರಿಂದಲೇ ಬಂತು. ಮಂಗ ದೋಣಿ ಹಿಡಿದು ಜೋತಾಡಿದರೆ ಪಿವಿಸಿ ಮುರಿಯುತ್ತದೆ, ಬಲೆ ಹಾಕಿದ್ದರೆ ಅದನ್ನು ಕಿತ್ತು ನೋಡುವ ಕುತೂಹಲ ಬೇರೆ. ಒತ್ತಿ ಕೂರಿಸುವ ಮುಚ್ಚಳ ಮಂಗನ ಕೈಗೆ ಬಹಳ ದಿನ ಬಾಳುವುದಿಲ್ಲ. ಬ್ರಾಕೆಟ್ಟಿಗೆ ಸ್ಟೀಲ್ ತಂತಿಯಿಂದ ಬಿಗಿದ ಬಲೆಯೇ ಗಟ್ಟಿ. (ಆಗುಂಬೆಯ ಬಗ್ಗೆ ಬರೆಯುವವರು ಕಾಳಿಂಗ ಸರ್ಪದ ಸುದ್ದಿ ತರದೆ ಬಿಡುವುದಿಲ್ಲ. ನಾನು ಇಣುಕಿದ ದೋಣಿಗಳಲ್ಲಿ ಇದ್ದದ್ದು ಮರಗಪ್ಪೆ.)

ರಸ್ತೆಯ ಬಲಕ್ಕೆ ಇಳಿದರೆ ಅಡಿಕೆ ತೋಟ, ತೋಟದ ತಲೆಗೇ ಮನೆ. ಭಟ್ಟರ ಮನೆ ಅದು. ಹಿತ್ತಲ ಕಡೆ, ಬಚ್ಚಲು ಕೊಟ್ಟಿಗೆಗಳ ನಡುವೆ, ಇನ್ನೂ ಅಡಿಕೆ ದಂಬೆಯೇ ದೋಣಿ. ಬಿದ್ದ ಮರವನ್ನು ಸೀಳಿ, ತಿರುಳು ಕೆರೆದು, ಸೂರಿನ ಕೆಳಗೆ ಬಳ್ಳಿಯಲ್ಲಿ ತೂಗುಹಾಕಿದ್ದು. ಕೆಲವು ವರ್ಷಕ್ಕೆ ಕುಂಬಾಗುತ್ತದೆ, ಬೇರೆ ಕಟ್ಟುತ್ತಾರೆ. ಕಸ ತುಂಬಿದರೆ ಬಳ್ಳಿ ಸಡಿಲಿಸಿ ಒಂದು ತುದಿ ಕೆಳಗೆ ಮಾಡಿದರೆ ಮುಗಿಯಿತು, ನೀರೂ ಕಸವೂ ಒಟ್ಟಿಗೆ ಇಳಿದುಹೋಗುತ್ತವೆ. ಏಣಿ ಬೇಡದ ದೋಣಿ ಅಲ್ಲಿಯವರೆಗೆ ನಾನು ಕಂಡದ್ದು ಅದೊಂದೇ.

ಮುಂಭಾಗಕ್ಕೆ ಜಿಐ ತಗಡಿನ ದೋಣಿ, ಅದರ ಮೇಲೆ ಕೋಳಿ ಬಲೆ. ತಗಡಿನ ಮೇಲೆ ಅಲ್ಲಲ್ಲಿ ಕಪ್ಪು ಕಲೆ, ಕಲೆಯ ನಡುವೆ ತುಕ್ಕು. ಮಾಡಿನ ಬೇರೆ ಕಡೆಯ ತಗಡು ಇಷ್ಟು ಹಾಳಾಗಿರಲಿಲ್ಲ. ತೋಟದ ಮಗ್ಗುಲಲ್ಲಿ ಮಾತ್ರ ಹೀಗೆ. ಭಟ್ಟರು ಕೈ ತೋರಿಸಿದ್ದು ತೋಟದ ಕಡೆಗೆ. ಕೊಳೆ ರೋಗ ಬರದಂತೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸೂರಿಗೆ ತಾಗುವಷ್ಟು ಹತ್ತಿರ ಮರವಿದ್ದರೆ ಆ ದ್ರಾವಣದ ಹನಿ ಹಂಚಿಗೂ ಬೀಳುತ್ತದೆ, ಹಂಚಿನಿಂದ ದೋಣಿಗೆ. ಮೈಲುತುತ್ತದಲ್ಲಿ ಇರುವುದು ತಾಮ್ರ. ತಾಮ್ರದ ನೀರು ಸತುವಿನ ಲೇಪವನ್ನು ತಿನ್ನುತ್ತದೆ, ಅಲ್ಯೂಮಿನಿಯಂ ಅನ್ನೂ ಬಿಡುವುದಿಲ್ಲ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ಪ್ರತಿಯೊಬ್ಬ ಕೃಷಿಕನಿಗೂ ಗೊತ್ತು. ಅದೇ ದ್ರಾವಣ ತನ್ನ ಮನೆಯ ದೋಣಿಗೂ ಇಳಿಯುತ್ತದೆಂಬುದು ಎಷ್ಟೋ ಜನರ ಗಮನಕ್ಕೆ ಬಂದಿಲ್ಲ. ತೋಟಕ್ಕೆ ತಾಗಿದ ಸೂರಿಗೆ ಪಿವಿಸಿ ದೋಣಿ, ಪ್ಲಾಸ್ಟಿಕ್ ಬಲೆಯೇ ಸರಿ. ಮದ್ದು ಹೊಡೆಯುವ ದಿನಗಳಲ್ಲಿ ಆ ಮಾಡಿನ ನೀರನ್ನು ಕುಡಿಯುವ ಬಾವಿಗೆ ಬಿಡಲೂಬಾರದು.

ತಗಡಿನ ದೋಣಿ ಇದ್ದವರಿಗೆ ಇನ್ನೊಂದು ಎಚ್ಚರ. ಜಿಐ ದೋಣಿಯ ಮೇಲೆ ಸ್ಟೇನ್‌ಲೆಸ್ ಜಾಲರಿ ಕೂರಿಸಿದರೆ, ಎರಡು ಲೋಹ ಒಂದಕ್ಕೊಂದು ತಾಗಿ ಸದಾ ಒದ್ದೆಯಾಗಿದ್ದಾಗ ಸತುವು ಬೇಗ ಸವೆಯುತ್ತದೆ. ಒಳ್ಳೆಯದೆಂದು ದುಬಾರಿ ಬಲೆ ತಂದು ಹಾಕಿದ್ದಕ್ಕೆ ದೋಣಿಯೇ ತೂತು. ನಡುವೆ ರಬ್ಬರಿನ ಪಟ್ಟಿ ಕೊಟ್ಟರೆ ತಕ್ಕಮಟ್ಟಿಗೆ ತಪ್ಪುತ್ತದೆ.

ಆಗುಂಬೆ ಪೇಟೆ ತಲುಪುವ ಹೊತ್ತಿಗೆ ಮೂರು ಗಂಟೆ. ಶಂಕರನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆಯ ಮುಂದೆ ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಿಸಿಲು ಇದ್ದಕ್ಕಿದ್ದಂತೆ ಮಂಕಾಯಿತು. ಮುಂಗಾರಿಗೆ ಮುಂಚಿನ ಗುಡುಗು ಮಳೆ. ನಾನು ಓಡಿ ನಿಂತದ್ದು ಒಂದು ಚಹಾದಂಗಡಿಯ ಜಗುಲಿಗೆ. ಎದುರಿಗೆ ಅಕ್ಕಪಕ್ಕ ಎರಡು ಮನೆ, ಎರಡಕ್ಕೂ ಹಂಚಿನ ಮಾಡು, ಎರಡಕ್ಕೂ ಪಿವಿಸಿ ದೋಣಿ. ಎಡಗಡೆಯದಕ್ಕೆ ಉದ್ದಕ್ಕೂ ಸಣ್ಣ ಕಣ್ಣಿನ ಹಸಿರು ಬಲೆ ಹೊದೆಸಿದ್ದರು. ನರ್ಸರಿಯ ನೆರಳಿಗೆ ಕಟ್ಟುವ ಶೇಡ್ ನೆಟ್ ಇರಬೇಕು. ಬಲಗಡೆಯದಕ್ಕೆ ಬಲೆಯೇ ಇರಲಿಲ್ಲ.

ಮೊದಲ ಐದು ನಿಮಿಷ ಎರಡೂ ದೋಣಿಗಳು ಚೆನ್ನಾಗಿಯೇ ನಡೆದವು. ಮಳೆ ಬಿರುಸಾಗುತ್ತಿದ್ದಂತೆ ಬೇಸಿಗೆಯಿಡೀ ಹಂಚಿನ ಸಂದಿಯಲ್ಲಿ ಕೂತಿದ್ದ ಹುಡಿ ತೊಳೆದು ಬಂತು, ನೀರು ಚಹಾ ಬಣ್ಣಕ್ಕೆ ತಿರುಗಿತು. ಎಡಗಡೆಯ ಬಲೆಯ ನಡುಭಾಗ ಕಸದ ಭಾರಕ್ಕೆ ಕುಸಿದು ತಗ್ಗಾಯಿತು. ಆ ತಗ್ಗು ತುಂಬಿ, ಅಲ್ಲಿಂದ ನೀರು ಹಾಳೆಯಾಗಿ ಮೆಟ್ಟಿಲ ಮೇಲೆ ಬೀಳತೊಡಗಿತು. ಇಳಿಪೈಪಿನ ತುದಿಯಲ್ಲಿ ಮಾತ್ರ ಬೆರಳು ದಪ್ಪದ ಧಾರೆ. ಬಲಗಡೆಯ ಮನೆಯ ಪೈಪು ಭೋರೆಂದು ಸುರಿಯುತ್ತಿತ್ತು, ದೋಣಿ ಒಂದು ಹನಿಯನ್ನೂ ಹೊರಕ್ಕೆ ಚೆಲ್ಲಲಿಲ್ಲ.

ಮಳೆ ಹೊಳವಾದ ಮೇಲೆ ಆ ಬಲಗಡೆಯ ಮನೆಯವರನ್ನು ಕೇಳಿದೆ. ದೋಣಿಗೆ ಬಲೆಯಿಲ್ಲ ನಿಜ, ಆದರೆ ಇಳಿಪೈಪಿನ ಬಾಯಿಗೆ ಕವುಚಿ ಹಾಕಿದ ತಂತಿಯ ಬುಟ್ಟಿಯೊಂದಿದೆ. ಮುಷ್ಟಿಗಾತ್ರದ್ದು, ದೋಣಿಯ ತಳದಿಂದ ಎರಡು ಮೂರು ಇಂಚು ಎದ್ದು ನಿಂತದ್ದು. ದೋಣಿಗೆ ಬಿದ್ದ ಕಸ ನೀರಿನ ಜೊತೆ ಬಂದು ಬುಟ್ಟಿಯ ಬುಡದಲ್ಲಿ ನಿಲ್ಲುತ್ತದೆ. ನೀರು ಬುಟ್ಟಿಯ ಮೇಲ್ಭಾಗದಿಂದ ಒಳಗಿಳಿಯುತ್ತದೆ. ಎಲೆ ಎಲ್ಲಿ ಕೂರುತ್ತದೆಂದು ಗೊತ್ತಿದೆ, ಆ ಒಂದೇ ಜಾಗ ನೋಡಿಕೊಂಡರೆ ಸಾಕು. ಅದನ್ನು ಕಿಟಕಿಯಿಂದ ಕೈ ಚಾಚಿದರೆ ಎಟಕುವ ಕಡೆಗೆ ಬರುವಂತೆ ಪೈಪು ಇಳಿಸಿದ್ದರು. ದೋಣಿಯ ಇನ್ನೊಂದು ತುದಿಯ ಮುಚ್ಚಳದಲ್ಲಿ ತುಟಿಗಿಂತ ಸ್ವಲ್ಪ ಕೆಳಗೆ ತೂತು ಕೊರೆದು, ಮುಂದಕ್ಕೆ ಚಾಚಿದ ಸಣ್ಣ ಪೈಪಿನ ತುಂಡು ಕೂರಿಸಿದ್ದರು. ಬುಟ್ಟಿ ಕಟ್ಟಿಕೊಂಡರೂ ಹೆಚ್ಚಿನ ನೀರು ಗೋಡೆಗೆ ಹೊರಳದೆ ಆ ತುಂಡಿನಿಂದ ಅಂಗಳಕ್ಕೆ ಹಾರುತ್ತದೆ, ಮತ್ತು ಅದು ಹಾರುವುದನ್ನು ನೋಡಿದರೆ ಬುಟ್ಟಿ ತೆಗೆಯುವ ಹೊತ್ತಾಯಿತೆಂದು ಒಳಗಿದ್ದವರಿಗೆ ತಿಳಿಯುತ್ತದೆ. ಇಡೀ ದಾರಿಯಲ್ಲಿ ನಾನು ಕಂಡ ಅತಿ ಜಾಣ ಕೆಲಸ ಇದು. ಖರ್ಚು ಏನೇನೂ ಇಲ್ಲ.

ಹಾಗೆಂದು ಬಲೆಯೇ ಬೇಡವೆಂದಲ್ಲ. ಹಲಸು, ಮಾವು, ಅಕೇಶಿಯಾ, ಸಿಲ್ವರ್ ಇಂಥ ಮರಗಳ ದೊಡ್ಡ ಎಲೆ ರಾಶಿಗಟ್ಟಲೆ ಬೀಳುವ ಕಡೆ ಬುಟ್ಟಿಯೊಂದೇ ಸಾಲದು. ಅರ್ಧ ಇಂಚಿನ ಕಣ್ಣಿನ ಬಲೆ ಬೇಕು. ಅದನ್ನು ಚಪ್ಪಟೆಯಾಗಿ ಹಾಸದೆ ಮಾಡಿನ ಇಳಿಜಾರಿಗೆ ಸರಿಯಾಗಿ ಮುಂದಕ್ಕೆ ವಾಲಿಸಿ, ನಡುವೆ ಕುಸಿಯದಂತೆ ಬಿಗಿಯಾಗಿ ಕಟ್ಟಬೇಕು. ತೆಂಗು ಅಡಿಕೆ ಮರಗಳ ಕೆಳಗಿನ ಮನೆಗಾದರೆ ಬಲೆಗಿಂತ ಮೊದಲು ಯೋಚಿಸಬೇಕಾದದ್ದು ಬೀಳುವ ಸೋಗೆ, ಹೆಡೆಗಳ ಪೆಟ್ಟು. ಬಿದಿರಿನ ಮೆಳೆ ಹತ್ತಿರವಿದ್ದರೆ, ಕರಾವಳಿಯಲ್ಲಿ ಗಾಳಿಮರವಿದ್ದರೆ, ಹುಣಸೆ ಗುಲ್‌ಮೊಹರ್‌ಗಳ ಪುಡಿ ಎಲೆ ಬೀಳುತ್ತಿದ್ದರೆ ಯಾವ ಬಲೆಯೂ ಉಪಯೋಗಕ್ಕಿಲ್ಲ. ದೊಡ್ಡ ಕಣ್ಣಿನಲ್ಲಿ ಆ ಎಲೆ ನುಸುಳುತ್ತದೆ, ಸಣ್ಣ ಕಣ್ಣಿಗೆ ಹೆಣೆದುಕೊಳ್ಳುತ್ತದೆ. ಅಲ್ಲಿ ದೋಣಿಯನ್ನು ತೆರೆದೇ ಇಟ್ಟು, ವಾಟ ಹೆಚ್ಚಿಸಿ, ಬಾಯಿಗೆ ಬುಟ್ಟಿ ಕೂರಿಸುವುದು ಒಳ್ಳೆಯದು.

ಬಲೆ ಹಾಕಿದವರು ಒಂದು ವಿಷಯ ಮರೆಯಬಾರದು. ತೆರೆದ ದೋಣಿಯಲ್ಲಿ ನೀರು ನಿಂತರೆ ಕಾಣುತ್ತದೆ, ಬಲೆಯ ಕೆಳಗೆ ನಿಂತರೆ ಕಾಣುವುದಿಲ್ಲ. ಮಳೆ ಹೊಳವಾದಾಗ ಹತ್ತು ದಿನ ನಿಂತ ನೀರು ಡೆಂಗಿ ಸೊಳ್ಳೆಗೆ ಸಾಕು. ಹಾಗಾಗಿ ಬಲೆಯನ್ನು ತುಂಡು ತುಂಡಾಗಿ, ಒಂದೊಂದನ್ನೂ ಬಿಚ್ಚಿ ಎತ್ತಲು ಬರುವಂತೆ ಹಾಕಿಸಬೇಕು. ಸ್ಕ್ರೂ ಹೊಡೆದು ಶಾಶ್ವತ ಮಾಡಿಕೊಡುತ್ತೇನೆ ಎನ್ನುವವರಿಗೆ ನಯವಾಗಿ ಬೇಡವೆನ್ನಿ.

ನೀರು ಹಿಡಿಯುವ ಉದ್ದೇಶವಿದ್ದರೆ ಈ ಎಲ್ಲಕ್ಕೂ ಬೆಲೆ ಹೆಚ್ಚು. ಇಷ್ಟು ಮಳೆಯ ನಾಡಿನಲ್ಲೂ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುವ ಮನೆಗಳಿವೆ. ಆಗುಂಬೆಯಲ್ಲಿ 100 ಚದರ ಮೀಟರಿನ ಮಾಡಿಗೆ ವರ್ಷಕ್ಕೆ ಬೀಳುವುದು ಏಳು ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರು ಟ್ಯಾಂಕರ್ ಮೀರುತ್ತದೆ. ಅದರ ಒಂದು ಪಾಲನ್ನು ಸೋಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೂ ದೊಡ್ಡದೇ. ಮೊದಲ ಒಂದೆರಡು ಮಳೆಯ ಚಹಾ ಬಣ್ಣದ ನೀರನ್ನು ಮಾತ್ರ ಹೊರಗೆ ಬಿಡಬೇಕು.

ಈಗ ಬಲೆ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಹೀಗಿದೆ. ಅಂಗಡಿಗೆ ಹೋಗುವ ಮೊದಲು ದೋಣಿಯಿಂದ ಒಂದು ಹಾಳೆ ಕಸ ಕೆಳಗಿಳಿಸಿ ಹರಡಿ ನೋಡಿ. ಮನೆ ಸುತ್ತಲಿನ ಅಳತೆ ಕೊಟ್ಟು ಎಲ್ಲವನ್ನೂ ಒಮ್ಮೆಗೇ ತರಬೇಡಿ. ಅತಿ ಹೆಚ್ಚು ಎಲೆ ಬೀಳುವ ಮೂಲೆಗೆ ಒಂದೇ ಉದ್ದ ತಂದು ಕಟ್ಟಿ, ಒಂದು ಮಳೆಗಾಲ ನೋಡಿ, ಆಮೇಲೆ ಉಳಿದದ್ದು. ಕಟ್ಟಿದ ದಿನವೇ ದೋಣಿಯ ದೂರದ ತುದಿಗೆ ನಾಲ್ಕು ಕೊಡ ನೀರು ಹೊಯ್ಯಿಸಿ, ಕೊನೆಯ ಹನಿಯವರೆಗೂ ಪೈಪಿಗೆ ಬರುತ್ತದೆಯೇ ಪರೀಕ್ಷಿಸಿ. ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೆ. ಅಷ್ಟರೊಳಗೆ ಆಗದಿದ್ದರೆ ಈ ವರ್ಷ ಬಲೆಯ ಆಸೆ ಬಿಟ್ಟು, ಇಳಿಪೈಪಿನ ಬಾಯಿಗೆ ತಂತಿಯ ಬುಟ್ಟಿಯೊಂದನ್ನು ಕೂರಿಸಿ ಸುಮ್ಮನಿರಿ. ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಹಂಚಿನ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ.